ನರಿಯ ಶೋರೂಮಿಗೆ ಬಂದ ಇರುವೆಗಳು

ನರಿಯೊಂದು ಕಾರಿನ ಶೋರೂಮ್ ತೆರೆದು, ಫೋನಿನಲ್ಲಿ ತನ್ನ ಪೇಜ್ ಫಾಲೋ ಮಾಡಿದವರಿಗೆಲ್ಲ ಬೆಲ್ಲದ ಚೂರು ಉಚಿತ ಎಂದು ಸಾರಿತು. ಮರುದಿನವೇ ಲಕ್ಷ ಇರುವೆಗಳು ಫಾಲೋ ಮಾಡಿ ಬಾಗಿಲಲ್ಲಿ ನೆರೆದವು. ಫೋನು ನೋಡಿ ನೋಡಿ ನರಿ ಹಿಗ್ಗಿತು.

ಅಷ್ಟರಲ್ಲಿ ಮಂಡಿನೋವಿನ ಆನೆಯೊಂದು ಕಾರು ಕೊಳ್ಳಲು ಬಂತು. ಹೊಸ್ತಿಲಲ್ಲಿ ಕಾಲೂರಲು ಜಾಗವಿರಲಿಲ್ಲ. ಎತ್ತಿದ ಕಾಲನ್ನು ಹಾಗೇ ಹಿಡಿದು ಅದು ಕುತೂಹಲದಿಂದ ಕೇಳಿತು:

“ಇರುವೆಯವರೇ, ನೀವೆಲ್ಲ ಯಾವ ಕಾರು ನೋಡಲು ಬಂದಿರಿ?”

“ಕಾರೇ?” ಮುಂದಿದ್ದ ಇರುವೆ ತಲೆಯೆತ್ತಿತು. “ಇದು ಬೆಲ್ಲದಂಗಡಿಯಲ್ಲವೇ?”

“ಒಳಗೆ ಸಾಲಾಗಿ ನಿಂತಿರುವುದು ಏನೆಂದುಕೊಂಡಿರಿ?”

“ನಾವು ಅಷ್ಟು ಎತ್ತರಕ್ಕೆ ನೋಡಲಿಲ್ಲ, ಆನೆಯಣ್ಣ.”

ಆನೆ ಯಾರನ್ನೂ ತುಳಿಯದೆ ಮೆಲ್ಲಗೆ ಹಿಂದೆ ಸರಿದು, ಕುಂಟುತ್ತ ಎದುರಿನ ಶೋರೂಮಿಗೆ ಹೋಯಿತು.

ನರಿ ಓಡಿಬಂದು ರೇಗಿತು: “ಕಾರು ಕೊಳ್ಳಲು ಬಂದವನು ಅವನೊಬ್ಬನೇ. ದಾರಿ ಬಿಡಬಾರದಿತ್ತೇ?”

“ಬಿಡುತ್ತೇವೆ ಸ್ವಾಮಿ,” ಎಂದಿತು ಇರುವೆ. “ಅದನ್ನು ನೀವು ಹೇಳಬೇಕಾಗಿಯೇ ಇಲ್ಲ. ಬೆಲ್ಲ ಮುಗಿದೊಡನೆ ನಿಮ್ಮ ಬಾಗಿಲಲ್ಲಿ ನಮ್ಮಲ್ಲೊಬ್ಬರೂ ಇರುವುದಿಲ್ಲ.”