ಲಾರಿಯ ಹಣೆಯ ಮೇಲೆ ಓಂಕಾರ

ಗಂಡನ ಮಾತು ನಂಬುವುದನ್ನು ಶಂಕ್ರವ್ವ ಬಿಟ್ಟು ವರ್ಷಗಳೇ ಆಗಿದ್ದವು. ಮಗಳು ದಾನಮ್ಮನಿಗೆ ಜೀವನಾಂಶ ಕೇಳಿ ಅವಳು ವಿಜಯಪುರದ ಕೋರ್ಟಿಗೆ ಬಂದರೆ, ಗಂಡ ಮಲಕಪ್ಪ ಜಡ್ಜ್ ಸಾಹೇಬರಿಗೆ ಕೈಮುಗಿದು ನಿಂತ.

"ಸಾಹೇಬ್ರ, ಸೊಲ್ಲಾಪುರದಾಗ ಇನ್ನೊಬ್ಬಾಕಿ ಕಡೆ ನನಗ ಓಂಕಾರ ಅಂತ ಮಗ ಅದಾನ. ಅವನನ್ನ ಸಾಕೂದೇ ಕಷ್ಟ. ಲಾರಿ ನಂದಲ್ಲ, ಗೆಳೆಯ ಸಿದರಾಯಂದು. ನಾ ಬರೇ ಡ್ರೈವರ್."

ಲಾರಿಯ ಕಾಗದದಲ್ಲೂ ಸಿದರಾಯನ ಹೆಸರೇ ಇತ್ತು. ಶಂಕ್ರವ್ವ ಕಿಟಕಿಯಾಚೆ ನೋಡಿದಳು. ಅದೇ ಲಾರಿ ಹೊರಗೆ ನಿಂತಿತ್ತು. ಅದರ ಹಣೆಯ ಮೇಲೆ ಹೂಬಳ್ಳಿಯ ನಡುವೆ 'ಓಂಕಾರ' ಎಂದು ದಪ್ಪಗೆ ಬರೆದಿತ್ತು.

"ಸಾಹೇಬ್ರ, ಲಾರಿ ಮ್ಯಾಲೆ ಮಾಲಕ ತನ್ನ ಮಕ್ಕಳ ಹೆಸರು ಬರಸ್ತಾನ. ಡ್ರೈವರನ ಮಗನ ಹೆಸರು ಯಾರು ಬರಸ್ತಾರ? ಆ ಹುಡುಗ ಸಿದರಾಯನಿಗೆ ಏನಾಗಬೇಕು, ಅವನನ್ನೇ ಕರಸಿ ಕೇಳ್ರಿ."

ಕೋರ್ಟಿನಲ್ಲಿ ಯಾರೋ ಕೆಮ್ಮಿದರು. ಮಲಕಪ್ಪನ ಮುಖ ಕೆಂಪಾಯಿತು. ಸೊಲ್ಲಾಪುರದ ಮನೆಗೆ ಸಿದರಾಯ ಹೋಗಿಬರುತ್ತಿದ್ದುದು ಅವನಿಗೆ ಈಗ ನೆನಪಾಯಿತು.

"ಏನ್ ಮಾತಾಡ್ತಿ! ಮಗನೂ ನನ್ನವನೇ, ಲಾರಿನೂ ನಂದೇ!" ಎಂದು ಕೂಗಿಬಿಟ್ಟ.

ಜಡ್ಜ್ ಸಾಹೇಬರು ಪೆನ್ನು ಎತ್ತಿಕೊಂಡರು. ಶಂಕ್ರವ್ವ ಸೆರಗು ಸರಿಮಾಡಿಕೊಂಡಳು.

"ಓಂಕಾರನ ಹೆಸರು ಲಾರಿ ಮ್ಯಾಲೆ ಇರಲಿ ಬಿಡ್ರಿ, ಅದೂ ಕೂಸೇ. ನನ್ನ ದಾನಮ್ಮನ ಹೆಸರು ನೀವು ನಿಮ್ಮ ಆದೇಶದಾಗ ಬರೀರಿ."