ಹವಾಲ್ದಾರ ಕೊಕ್ಕರೆಯ ಗಾಲಿ ಬಂಡಿ

ಕಣ್ಣು ಅರ್ಧ ಮುಚ್ಚಿ. ಆ ಅರ್ಧದಲ್ಲಿ ಒಂದು ಕೆರೆ ಇದೆ. ಕೆರೆಯ ಮೇಲೆ ಮಂಜು. ಮಂಜಿನಲ್ಲಿ ಒಬ್ಬ ಕೊಕ್ಕರೆ, ಹವಾಲ್ದಾರ ಬೆಳ್ಳಪ್ಪ.

ಹದ್ದುಗಳು ಬಂದಾಗ ಕೆರೆ ಕಾದವನು ಅವನೇ. ಆಗ ಒಂದು ಕಾಲು ಹೋಯಿತು. ಕಾಲು ಹೋಯಿತು, ಓಟ ಹೋಯಿತು. ಓಟ ಹೋಯಿತು, ಹಾರಾಟವೂ ಹೋಯಿತು. ಓಡದೆ ಕೊಕ್ಕರೆ ಹಾರುವುದು ಹೇಗೆ?

ಕುಪ್ಪಳಿಸುತ್ತ ಮರಕುಟಿಗ ಬಡಗಿಯ ಹತ್ತಿರ ಹೋದ.

"ಬಡಗಿಯಣ್ಣ, ಬಡಗಿಯಣ್ಣ, ಒಂದು ಗಾಲಿ ಬಂಡಿ ಮಾಡಿಕೊಡು. ಬಂಡಿಯಿದ್ದರೆ ಓಡ್ತೀನಿ, ಓಡಿದರೆ ಹಾರ್ತೀನಿ."

"ಬಂಡಿ ಉರುಳೋಕೆ ಇಳಿಜಾರು ಬೇಕಲ್ಲ ಮಾರಾಯ. ನಿನ್ನ ಮನೆಗೆ ಬರೀ ಮೆಟ್ಟಿಲು. ಗೆದ್ದಲಮ್ಮನ್ನ ಕೇಳು."

ಗೆದ್ದಲಮ್ಮನ ಹತ್ತಿರ ಹೋದ.

"ಗೆದ್ದಲಮ್ಮ, ಗೆದ್ದಲಮ್ಮ, ಮನೆಗೆ ಇಳಿಜಾರು ಕಟ್ಟಿಕೊಡು. ಇಳಿಜಾರಿದ್ದರೆ ಬಡಗಿ ಬಂಡಿ ಕೊಡ್ತಾನೆ. ಬಂಡಿಯಿದ್ದರೆ ಓಡ್ತೀನಿ, ಓಡಿದರೆ ಹಾರ್ತೀನಿ."

"ಕೆರೆ ಮಣ್ಣು ಗೌಡರದ್ದಪ್ಪ. ಕಪ್ಪೆಗೌಡರು ಹೂಂ ಅನ್ನಲಿ."

ಕಪ್ಪೆಗೌಡರು ತಾವರೆ ಎಲೆ ಮೇಲೆ ಕೂತಿದ್ದರು. ಕೂತವರು ಬೇಗ ಏಳುವುದಿಲ್ಲ.

"ಗೌಡರೇ, ಗೌಡರೇ, ಹೂಂ ಅನ್ನಿ. ಹೂಂ ಅಂದರೆ ಗೆದ್ದಲಮ್ಮ ಇಳಿಜಾರು ಕಟ್ತಾಳೆ. ಇಳಿಜಾರಿದ್ದರೆ ಬಡಗಿ ಬಂಡಿ ಕೊಡ್ತಾನೆ. ಬಂಡಿಯಿದ್ದರೆ ಓಡ್ತೀನಿ, ಓಡಿದರೆ ಹಾರ್ತೀನಿ."

"ಕೆರೆ ಕಾದು ಕಾಲು ಕಳಕೊಂಡವರಿಗೆ ಮಾತ್ರ ಹೂಂ. ಆಮೆ ಡಾಕ್ಟರು ನೋಡಿ ಹೇಳಲಿ."

ಆಮೆ ಡಾಕ್ಟರ ಹತ್ತಿರ ಹೋದ.

"ಡಾಕ್ಟ್ರೇ, ಡಾಕ್ಟ್ರೇ, ಹೌದು ಅನ್ನಿ. ನೀವು ಹೌದು ಅಂದರೆ ಗೌಡರು ಹೂಂ ಅಂತಾರೆ. ಹೂಂ ಅಂದರೆ ಗೆದ್ದಲಮ್ಮ ಇಳಿಜಾರು ಕಟ್ತಾಳೆ. ಇಳಿಜಾರಿದ್ದರೆ ಬಡಗಿ ಬಂಡಿ ಕೊಡ್ತಾನೆ. ಬಂಡಿಯಿದ್ದರೆ ಓಡ್ತೀನಿ, ಓಡಿದರೆ ಹಾರ್ತೀನಿ."

ಡಾಕ್ಟರು ಕತ್ತು ಹೊರಗೆ ಹಾಕಿದರು. ನೋಡಿದರು. ಮತ್ತೆ ನೋಡಿದರು.

"ಒಂಟಿ ಕಾಲು ಅಂತೀಯ. ಎಲ್ಲ ಕೊಕ್ಕರೆಗಳೂ ಒಂಟಿ ಕಾಲಲ್ಲೇ ನಿಲ್ತಾವಲ್ಲಯ್ಯ. ನಾನೋ ಗಿಡ್ಡ. ಮೇಲೆ ಪುಕ್ಕದೊಳಗೆ ಇನ್ನೊಂದು ಮಡಚಿಟ್ಟಿದ್ದೀಯೋ ಏನೋ, ನನಗೇನು ಕಾಣುತ್ತೆ?"

ಬೆಳ್ಳಪ್ಪ ಕೆರೆಯತ್ತ ತಿರುಗಿದ. ಕೆರೆ ತುಂಬ ಕೊಕ್ಕರೆಗಳು ಒಂಟಿ ಕಾಲಲ್ಲಿ ತೂಕಡಿಸುತ್ತಿದ್ದವು. ಎಲ್ಲ ಅವನ ಹಳೇ ಪಡೆಯವೇ.

"ಪಡೆ," ಅಂದ ಮೆಲ್ಲಗೆ, "ಕಾಲು ಬದಲಿಸು."

ನಿದ್ದೆಯಲ್ಲೇ ಎಲ್ಲವೂ ಕಾಲು ಬದಲಿಸಿದವು. ಜುಳು. ಜುಳು. ಜುಳು.

ಬೆಳ್ಳಪ್ಪ ಮಾತ್ರ ಹಾಗೇ ನಿಂತಿದ್ದ.

"ನೀನು?" ಅಂದರು ಡಾಕ್ಟರು.

"ಬದಲಿಸೋಕೆ ಇನ್ನೊಂದು ಇಲ್ಲ, ಡಾಕ್ಟ್ರೇ."

ಡಾಕ್ಟರು ತಲೆಯಾಡಿಸಿದರು. ಆಮೇಲೆ "ಹೌದು" ಅಂದರು.

ಡಾಕ್ಟರು ಹೌದು ಅಂದರು, ಗೌಡರು ಹೂಂ ಅಂದರು. ಗೌಡರು ಹೂಂ ಅಂದರು, ಗೆದ್ದಲಮ್ಮ ಇಳಿಜಾರು ಕಟ್ಟಿದಳು. ಗೆದ್ದಲಮ್ಮ ಕಟ್ಟಿದಳು, ಬಡಗಿ ಬಂಡಿ ಕೊಟ್ಟ. ಬಡಗಿ ಕೊಟ್ಟ, ಬಂಡಿ ಉರುಳಿತು. ಬಂಡಿ ಉರುಳಿತು, ಉರುಳುರುಳಿ ಓಡಿತು. ಬಂಡಿ ಓಡಿತು, ಬೆಳ್ಳಪ್ಪ ರೆಕ್ಕೆ ಬಿಚ್ಚಿದ.

ಇಳಿಜಾರು ಮುಗಿಯಿತು. ಬಂಡಿ ನಿಂತಿತು.

ಬೆಳ್ಳಪ್ಪ ನಿಲ್ಲಲಿಲ್ಲ.