ಪಳಂಗಪ್ಪ ಕೋವಿ ಕಲಿತದ್ದು

ಕೇಳ್ರಪ್ಪಾ, ಕೊಡಗಿನ ಒಂದು ಊರಲ್ಲಿ ಚೋಂದವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ, ಮಗನೊಬ್ಬನಿದ್ದ. ಹೆಸರು ಪಳಂಗಪ್ಪ, ವಯಸ್ಸು ಇಪ್ಪತ್ತೆರಡು, ಬುದ್ಧಿ ಎಷ್ಟು ಅಂತ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ಗಂಡ ಬಿಟ್ಟುಹೋದದ್ದು ಒಂದು ಕೇಪಿನ ಕೋವಿ. ಬಾಯಿಂದ ಮದ್ದು ಸುರಿದು, ಗಜದ ಕೋಲಿನಿಂದ ಗಿಡಿಯುವ ಹಳೇ ಕೋವಿ. ಅದರ ಮೇಲೆ ಮೈದುನ ಬೆಳ್ಯಪ್ಪನ ಕಣ್ಣು.

"ಅತ್ತಿಗೆ, ಹೊಡೆಯೋರಿಲ್ಲದ ಮನೇಲಿ ಕೋವಿ ಯಾಕೆ? ನನ್ನ ಮನೆ ಗೋಡೆಗೆ ಬರಲಿ."

"ನನ್ನ ಮಗ ಹೊಡೀತಾನೆ," ಅಂದಳು ಚೋಂದವ್ವ.

"ಅವನಾ? ಒಂದು ಈಡಿಗೆ ಅಂಗಾತ ಬೀಳ್ತಾನೆ."

"ಬಿದ್ರೆ ಕೋವಿ ನಿಂದು. ಬೀಳದಿದ್ರೆ ಇನ್ನು ಈ ಮಾತು ಎತ್ತಬೇಡ. ಬರೋ ಭಾನುವಾರ ಬಾ."

ಬಾಯಿ ಬಿಟ್ಟು ಹೇಳಿಬಿಟ್ಟಳು. ಆಮೇಲೆ ಒಳಗೆ ಹೋಗಿ ತಲೆ ಚಚ್ಚಿಕೊಂಡಳು. ಗಂಡನ ಉಸಿರಿದ್ದ ವಸ್ತು ಅಂತ ಆ ಮನೇಲಿ ಉಳಿದದ್ದು ಅದೊಂದೇ. ಕೊಡೋದಿಲ್ಲ ಅಂದರೆ ಕೊಡೋದಿಲ್ಲ.

ಊರಿಗೆ ಸದ್ದು ಕೇಳದ ಹಾಗೆ ಮಗನನ್ನು ಹೊಳೆಯ ಕಣಿವೆಗೆ ಕರಕೊಂಡು ಹೋದಳು. "ಮಗನೇ, ಇದು ನಿನ್ನಪ್ಪನ ಕೋವಿ. ಹಿರಿಯರು ಅಂತ ತಿಳಕೊಂಡು ಗೌರವದಿಂದ ಹಿಡಿ."

ಹಿರಿಯರಿಗೆ ಯಾರಾದರೂ ಮೈ ತಾಗಿಸಿ ನಿಲ್ಲುತ್ತಾರಾ? ಪಳಂಗಪ್ಪ ಕೋವಿಯ ಬುಡಕ್ಕೂ ಭುಜಕ್ಕೂ ಒಂದು ಗೇಣು ಜಾಗ ಬಿಟ್ಟು ಹೊಡೆದ. ಧಡಾರ್ ಅಂತು. ಬುಡ ಓಡಿಬಂದು ಭುಜಕ್ಕೆ ಗುದ್ದಿತು. ಹೊಗೆ ಕರಗಿದ ಮೇಲೆ ನೋಡಿದರೆ ಕೆಸರಿನಲ್ಲಿ ಎರಡು ಕಾಲು ಮಾತ್ರ ಮೇಲಿದ್ದವು.

"ಅಯ್ಯೋ ಪೆದ್ದಾ, ಜಾಗ ಬಿಟ್ರೆ ಅದು ಓಡಿಬಂದು ಗುದ್ದುತ್ತೆ. ಸಂದು ಬಿಡದೆ ಭುಜದ ಗುಳಿಗೆ ಒತ್ತಿ ಹಿಡಿ, ಮುಂದಕ್ಕೆ ಬಾಗಿ ನಿಲ್ಲು. ಆಗ ಅದು ಗುದ್ದೋದಿಲ್ಲ, ತಳ್ಳುತ್ತೆ ಅಷ್ಟೆ."

"ಆಯ್ತವ್ವಾ."

ಮಾರನೇ ದಿನ ಪಕ್ಕದ ಮನೆಯ ಅಜ್ಜಿಗೆ ಒಂದು ಮಡಕೆ ಮಜ್ಜಿಗೆ ಕೊಟ್ಟು ಬಾ ಅಂದಳು. ಪಳಂಗಪ್ಪ ಮಡಕೆಯ ಬುಡವನ್ನು ಸಂದು ಬಿಡದೆ ಭುಜಕ್ಕೆ ಒತ್ತಿದ, ಬಾಯಿ ಮುಂದೆ ಮಾಡಿ ಬಾಗಿ ನಡೆದ. ಅಜ್ಜಿಗೆ ಸಿಕ್ಕಿದ್ದು ಖಾಲಿ ಮಡಕೆ. ಮಜ್ಜಿಗೆಯೆಲ್ಲ ದಾರಿಯುದ್ದಕ್ಕೂ ನಾಯಿಗಳಿಗಾಯಿತು.

"ನಿನ್ನ ಬುದ್ಧಿಗಿಷ್ಟು! ತುಂಬಿದ್ದನ್ನ ಬಾಯಿ ಮೇಲೆ ಮಾಡಿ ಹಿಡೀಬೇಕು ಕಣೋ."

"ಆಯ್ತವ್ವಾ."

ಬುಧವಾರ ಮತ್ತೆ ಕಣಿವೆ. ಕೋವಿಗೆ ಮದ್ದು ತುಂಬಿತ್ತಲ್ಲ? ತುಂಬಿದ್ದನ್ನು ಬಾಯಿ ಮೇಲೆ ಮಾಡಿ ಹಿಡಿದ. ಮುಗಿಲಿಗೆ ಹೊಡೆದ. ಕೋವಿ ಕೆಳಕ್ಕೆ ತಳ್ಳಿತು, ಮಗರಾಯ ಕುಕ್ಕರಿಸಿದ. ಮೇಲೆ ಮರದಲ್ಲಿದ್ದ ಹೆಜ್ಜೇನು ಎದ್ದಿತು. ತಾಯಿ ಮಗ ಹೊಳೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಮಧ್ಯಾಹ್ನದವರೆಗೆ ಕೂತರು. ನೀರಲ್ಲಿ ಕೂತೇ ಬೈದಳು.

"ಗುರಿ ಎದುರಿಗಿರುತ್ತೆ, ಕೋವಿಯನ್ನ ಎದುರಿಗೆ ಹಿಡಿ. ಕಾಲು ಊರಿ ನಿಲ್ಲು. ಎಷ್ಟು ತಳ್ಳಿದ್ರೂ ಕದಲಬೇಡ."

"ಆಯ್ತವ್ವಾ."

ಶುಕ್ರವಾರ ಸಂತೆಗೆ ಕಳಿಸಿದಳು. ಬಸ್ಸು ಹತ್ತಿದವನೇ ಬಾಗಿಲಲ್ಲಿ ಕಾಲೂರಿ ನಿಂತ. ಒಳಗೆ ಹೋಗಪ್ಪಾ ಅಂತ ಕಂಡಕ್ಟರ್ ತಳ್ಳಿದ. ಕದಲಲಿಲ್ಲ. ಹಿಂದಿನವರು ತಳ್ಳಿದರು. ಕದಲಲಿಲ್ಲ. ಕೊನೆಗೆ ಬೆಳ್ಯಪ್ಪನ ಇಬ್ಬರು ಮಕ್ಕಳು ಅವನನ್ನು ಎತ್ತಿ ಚರಂಡಿಗೆ ಹಾಕಿ ಹಲ್ಲು ಕಿರಿದರು.

ಮಗನ ಮೈಯ ಕೊಚ್ಚೆ ನೋಡಿ ಚೋಂದವ್ವನಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಪೆದ್ದನಾದರೇನು, ಹೆತ್ತದ್ದು ತಾನು ತಾನೇ?

"ಸುಮ್ಮನೆ ತಳ್ಳಿಸಿಕೊಂಡು ಬಂದ್ಯಾ? ಇನ್ನು ಮೇಲೆ ಒಂದು ಕೊಟ್ಟವರಿಗೆ ಒಂದು ವಾಪಸ್ ಕೊಡದೆ ಬಿಡಬೇಡ."

"ಆಯ್ತವ್ವಾ."

ಭಾನುವಾರ ಬೆಳಿಗ್ಗೆ ಬೆಳ್ಯಪ್ಪ ಬಂದ. ಪರೀಕ್ಷೆಗೆ ಒಂದು ಈಡು ಹಾರುತ್ತೆ, ಗಾಬರಿಯಾಗಬೇಡಿ ಅಂತ ಊರಿಗೆಲ್ಲ ಹೇಳಿಯೇ ಬಂದಿದ್ದ. ಕೋವಿ ಹೊತ್ತುಕೊಂಡು ಹೋಗಲು ಹಗ್ಗವನ್ನೂ ತಂದಿದ್ದ.

ಪಳಂಗಪ್ಪ ಅಂಗಳದಲ್ಲಿ ನಿಂತ. ಬುಡ ಭುಜಕ್ಕೆ, ಬಾಯಿ ಎದುರಿಗೆ, ಕಾಲು ನೆಲಕ್ಕೆ. ಧಡಾರ್. ಹೊಗೆ ಮುಚ್ಚಿತು. ಚೋಂದವ್ವ ಕಣ್ಣು ಮುಚ್ಚಿದಳು. ತೆರೆದಾಗ ಮಗ ನಿಂತೇ ಇದ್ದ. ಅವಳಿಗೆ ಅಳು ಬಂತು. ಬೆಳ್ಯಪ್ಪ ಹಗ್ಗವನ್ನು ಬೆನ್ನ ಹಿಂದೆ ಅಡಗಿಸಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೋವಿ ಒಂದು ತಳ್ಳಿತ್ತಲ್ಲ, ಒಂದು ವಾಪಸ್ ಕೊಡಬೇಡವೇ? ಮತ್ತೆ ಮದ್ದು ಸುರಿದ, ಗಿಡಿದ, ಭುಜದಿಂದ ಮುಂದಕ್ಕೆ ನೂಕುತ್ತಾ ಇನ್ನೊಂದು ಹೊಡೆದ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮನೇಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು. ಯಾರಾದರೂ ಸತ್ತರೆ ಎರಡು.

"ಎರಡು ಹೊಡೆದ್ಯಲ್ಲೋ ಮುಠ್ಠಾಳ, ಊರಿಡೀ ಸಾವಿಗೆ ಬರುತ್ತೆ," ಅಂತ ಬೆಳ್ಯಪ್ಪ ಕೂಗಿದ.

ಪಳಂಗಪ್ಪ ಯೋಚಿಸಿದ. ಸಾವನ್ನು ಅಳಿಸೋದು ಯಾವುದು? ಹುಟ್ಟು. ಇನ್ನೊಂದು ಹೊಡೆದ.

ಸ್ವಲ್ಪ ಹೊತ್ತಿಗೆ ಊರು ಬಂತು. ಅರ್ಧ ಜನ ಬಿಳಿ ಬಟ್ಟೆ ಉಟ್ಟು ಅಳುತ್ತಾ ಬಂದರು. ಉಳಿದವರ ಮುಂದೆ ಪಕ್ಕದ ಮನೆಯ ಅಜ್ಜಿ ಬಾಣಂತಿಗೆ ಅಂತ ಶುಂಠಿ, ಮೆಣಸು ಕಟ್ಟಿಕೊಂಡು ಬಂದಳು. ಸತ್ತೋರು ಯಾರು, ಹೆತ್ತೋರು ಯಾರು, ವಿಧವೆ ಮನೇಲಿ ಇದೇನು ಅಂತ ಗಲಾಟೆಯೋ ಗಲಾಟೆ.

ಚೋಂದವ್ವ ತಲೆ ತಗ್ಗಿಸಲಿಲ್ಲ. "ಯಾರೂ ಸತ್ತಿಲ್ಲ. ನನ್ನ ಮಗ ಮೂರು ಈಡಿಗೂ ನಿಂತ. ಅದನ್ನ ನೋಡಿಕೊಂಡು ಹೋಗಿ. ಏ ಪಳಂಗ, ಬಂದವರನ್ನ ಹಾಗೇ ಕಳಿಸಬೇಡ, ಏನು ಬೇಕು ಕೇಳು."

ಕೇಳೋದೇನು? ಬಿಳಿ ಬಟ್ಟೆ ಉಟ್ಟು ಬಂದವರು ಹೆಣ ನೋಡೋಕೆ ಬಂದರು ಅಂತ ಅವನಿಗೆ ಗೊತ್ತಿಲ್ಲವೇ? ಕೋವಿಯನ್ನು ಎದೆಗೆ ಅವುಚಿಕೊಂಡು, ಅಂಗಳದ ನಡುವೆ ಅಂಗಾತ ಮಲಗಿ, ಕಣ್ಣು ಮುಚ್ಚಿದ.

"ಬಿದ್ದ," ಅಂತ ಬೆಳ್ಯಪ್ಪ ಕುಣಿದ. "ಎಲ್ಲರೂ ನೋಡಿದ್ರಲ್ಲ, ಅಂಗಾತ ಬಿದ್ದ. ಕೋವಿ ನಂದು."

"ಬೇಕಾದ್ರೆ ಅವನ ಕೈಯಿಂದ ತಗೋ," ಅಂದಳು ಚೋಂದವ್ವ.

ಬೆಳ್ಯಪ್ಪ ಬಗ್ಗಿ ಕೋವಿಗೆ ಕೈ ಹಾಕಿದ. ಹೆಣ ಸಂದು ಬಿಡಲಿಲ್ಲ. ಸಿಟ್ಟು ಬಂದು ಹೆಣದ ಭುಜಕ್ಕೆ ಒಂದು ತಳ್ಳು ಕೊಟ್ಟ. ಹೆಣ ಕಣ್ಣು ತೆರೆಯದೆಯೇ ಒಂದು ವಾಪಸ್ ಕೊಟ್ಟಿತು. ಬೆಳ್ಯಪ್ಪ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಅಜ್ಜಿಯ ಶುಂಠಿ ಮೆಣಸಿನ ಮೇಲೆ ದೊಪ್ಪನೆ ಅಂಗಾತ ಬಿದ್ದ.

ಚೋಂದವ್ವ ಸೆರಗು ಸಿಕ್ಕಿಸಿಕೊಂಡು ಅವನ ತಲೆಯ ಹತ್ತಿರ ಹೋಗಿ ನಿಂತಳು.

"ಈಗ ಸರಿಯಾಗಿ ನೋಡ್ಕೋ ಬೆಳ್ಯಪ್ಪ," ಅಂದಳು. "ಅವನು ಮಲಗಿದ್ದು. ನೀನು ಬಿದ್ದದ್ದು."